ಕರುಳನ್ನು ಕಾಣಲು ಎಷ್ಟು ಕಣ್ಣು?

ಸ್ಕ್ಯಾನಿಂಗ್ ದೊಡ್ಡದಾದಷ್ಟೂ ರೋಗ ಚೆನ್ನಾಗಿ ಕಾಣುತ್ತದೆ, ಅದರ ಬೆಲೆ ಏರಿದಷ್ಟೂ ಅದು ನುಡಿಯುವ ಮಾತು ಸತ್ಯಕ್ಕೆ ಸಮೀಪವಾಗುತ್ತದೆ ಎಂಬೊಂದು ನಂಬಿಕೆ ನಮ್ಮ ಜನರಲ್ಲಿ ಈಚೆಗೆ ಬಲವಾಗಿ ಬೇರೂರಿದೆ. ತಿಂಗಳುಗಟ್ಟಲೆ ಹೊಟ್ಟೆನೋವಿನಿಂದ ನವೆದು ಅರ್ಧವಾಗಿರುವ ಮಗನನ್ನು ಕರೆತಂದ ತಂದೆಯು, "ಖರ್ಚಾದರೆ ಆಗಲಿ ಡಾಕ್ಟ್ರೇ, ದೊಡ್ಡ ಸ್ಕ್ಯಾನಿಂಗೇ ಬರೆದುಕೊಡಿ, ಎಲ್ಲಾ ಒಂದೇ ಸಲ ಗೊತ್ತಾಗಿಬಿಡಲಿ" ಎಂದು ಕೇಳಿಕೊಳ್ಳುವಾಗ ಆ ಮಾತಿನ ಹಿಂದಿರುವ ವಾತ್ಸಲ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎಲ್ಲವನ್ನೂ ತೋರಿಸತಕ್ಕ ಯಂತ್ರವೊಂದು ಇದೆಯೆಂಬುದೂ, ಒಂದು ಸಲ ನೋಡಿದರೆ ಸಾಕೆಂಬುದೂ, ಎರಡೂ ಭ್ರಮೆಗಳೇ. ಉಳಿದ ವ್ಯಾಧಿಗಳ ಮಾತು ಹಾಗಿರಲಿ. ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರಿನ, ಕರುಳಿನ ದೀರ್ಘಕಾಲದ ಉರಿಯೂತಗಳೆರಡರ ವಿಷಯದಲ್ಲಂತೂ ಈ ಭ್ರಮೆಗಳು ರೋಗಿಗೆ ಹಣದ ನಷ್ಟವನ್ನಷ್ಟೇ ಅಲ್ಲ, ಕೆಲವೊಮ್ಮೆ ದೇಹದ ನಷ್ಟವನ್ನೂ ಉಂಟುಮಾಡುತ್ತವೆ.

ಈ ಕಾಯಿಲೆಗಳು ಬಹುಮಟ್ಟಿಗೆ ಕಾಲಿಡುವುದು ಹರೆಯದಲ್ಲಿ, ಹದಿನೈದರಿಂದ ಮೂವತ್ತೈದರ ನಡುವೆ. ಒಮ್ಮೆ ಬಂದುವೆಂದರೆ ಅವು ಪೂರ್ತಿಯಾಗಿ ಹೋಗುವವಲ್ಲ. ಔಷಧಕ್ಕೆ ತಗ್ಗಿ, ಕೆಲಕಾಲ ಮಲಗಿ, ಕಾರಣ ತಿಳಿಸದೆ ಮತ್ತೆ ಏಳುತ್ತವೆ. ಹಾಗೆ ಎದ್ದಾಗಲೆಲ್ಲ ವೈದ್ಯನು ಒಳಗನ್ನು ಮತ್ತೆ ನೋಡಬೇಕಾಗುತ್ತದೆ. ಆದ ಕಾರಣ ಇಪ್ಪತ್ತರ ಯುವಕನೊಬ್ಬನಿಗೆ ಇಂದು ಯಾವ ಪರೀಕ್ಷೆಯನ್ನು ಬರೆಯಬೇಕೆಂದು ಯೋಚಿಸುವ ವಿವೇಕಿಯಾದ ವೈದ್ಯನು, ಅವನಿಗೆ ಅರವತ್ತಾಗುವ ತನಕ ಇಂಥವು ಇನ್ನೆಷ್ಟು ಬೇಕಾದಾವು ಎಂಬ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಲೇಖನಿಯನ್ನು ಎತ್ತುತ್ತಾನೆ. ಯಾವ ಯಂತ್ರ ಶ್ರೇಷ್ಠ ಎಂಬುದು ಇಲ್ಲಿ ಕೇಳತಕ್ಕ ಪ್ರಶ್ನೆಯೇ ಅಲ್ಲ. ಈ ರೋಗಿಯ ವಿಷಯದಲ್ಲಿ, ಈ ಗಳಿಗೆಯಲ್ಲಿ, ತಿಳಿಯಬೇಕಾದುದು ಏನು, ತಿಳಿದ ಮೇಲೆ ಮಾಡಲಿರುವುದು ಏನು, ಅದೇ ಪ್ರಶ್ನೆ.

ಎರಡು ಕಾಯಿಲೆಗಳ ಸ್ವಭಾವಭೇದವೇ ಮೊದಲಿನ ಕವಲು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತವಾದುದು. ಗುದನಾಳದಿಂದ ಆರಂಭಿಸಿ ನಡುವೆ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ, ಮತ್ತು ಬಹುಪಾಲು ಕರುಳಿನ ಒಳಪದರವನ್ನು ಮಾತ್ರ ಕೆಡಿಸುತ್ತದೆ. ಆದುದರಿಂದ ಅಲ್ಲಿ ಕೊಲೊನೊಸ್ಕೋಪಿಯೇ ಮುಖ್ಯಸಾಕ್ಷಿ. ನಳಿಕೆಯ ತುದಿಯ ಕಣ್ಣು ವ್ರಣವನ್ನು ನೇರವಾಗಿ ನೋಡುತ್ತದೆ, ಜೊತೆಗೆ ಒಂದು ಚೂರು ಮಾಂಸವನ್ನು ಪರೀಕ್ಷೆಗೆಂದು ಕಿತ್ತುತರುತ್ತದೆ. ಕಾಯಿಲೆ ಶುರುವಾಗಿ ಎಂಟು ವರ್ಷ ಕಳೆದ ಮೇಲೆ ಕ್ಯಾನ್ಸರಿನ ಕಾವಲಿಗೂ ಅದೇ ನಳಿಕೆ ಬೇಕು. ಕ್ರೋನ್ಸ್ ಕಾಯಿಲೆಯ ನಡೆಯೇ ಬೇರೆ. ಬಾಯಿಂದ ಗುದದ ವರೆಗೆ ಅದು ಎಲ್ಲಿ ಬೇಕಾದರೂ ತಲೆಯೆತ್ತಬಹುದು; ಒಂದೆಡೆ ಕೆಡಿಸಿ, ನಡುವೆ ಒಂದು ಮೊಳ ಬಿಟ್ಟು, ಮುಂದೆ ಮತ್ತೆ ಕೆಡಿಸಬಹುದು; ಎಲ್ಲಕ್ಕಿಂತ ಮಿಗಿಲಾಗಿ, ಅದು ಕರುಳಿನ ಗೋಡೆಯ ಪೂರ್ಣ ದಪ್ಪವನ್ನೂ ಹೊಕ್ಕು ಹೊರಕ್ಕೆ ಕೊರೆಯಬಲ್ಲುದು. ಸುಣ್ಣ ಬಳಿದ ಮುಖವನ್ನಷ್ಟೇ ನೋಡಿದವನಿಗೆ ಗೋಡೆಯೊಳಗಿನ ಗೆದ್ದಲು ತಿಳಿಯದಂತೆ, ಒಳಪದರವನ್ನು ಮಾತ್ರ ನೋಡುವ ನಳಿಕೆಗೆ ಇಲ್ಲಿ ಅರ್ಧ ಕಥೆಯಷ್ಟೇ ತಿಳಿಯುತ್ತದೆ. ಅದೂ ಅಲ್ಲದೆ, ಮೇಲಿನಿಂದ ಇಳಿಯುವ ಎಂಡೋಸ್ಕೋಪಿಗೂ ಕೆಳಗಿನಿಂದ ಏರುವ ಕೊಲೊನೊಸ್ಕೋಪಿಗೂ ನಡುವೆ, ಕೈಗೆ ಸಿಗದ ಸಣ್ಣ ಕರುಳಿನ ಮೀಟರುಗಟ್ಟಲೆ ಹಾದಿ ಉಳಿದುಬಿಡುತ್ತದೆ. ಕ್ರೋನ್ಸ್ ಎಂದು ಹೊಸದಾಗಿ ನಿರ್ಣಯವಾದ ಪ್ರತಿಯೊಬ್ಬರಿಗೂ ಸಣ್ಣ ಕರುಳಿನ ಚಿತ್ರವೊಂದು ಆಗಲೇಬೇಕೆಂದು ವೈದ್ಯರು ಹಟ ಹಿಡಿಯುವುದು ಇದರಿಂದಾಗಿಯೇ.

ಈ ಕಾಣದ ಹಾದಿಯನ್ನು ಕಾಣುವ ಆಸೆ ಕ್ಷ-ಕಿರಣದಷ್ಟೇ ಹಳೆಯದು. ರಾಂಟ್‌ಗೆನ್ ಮಹಾಶಯನು 1895ರಲ್ಲಿ ಆ ಕಿರಣವನ್ನು ಕಂಡುಹಿಡಿದ ಮರುವರ್ಷವೇ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್, ಪ್ರಾಣಿಗಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನು ತಿನ್ನಿಸಿ ಅದು ಒಡಲೊಳಗೆ ಇಳಿಯುವ ಪರಿಯನ್ನು ಪರದೆಯ ಮೇಲೆ ನೋಡಲಾರಂಭಿಸಿದ. 1910ರ ಸುಮಾರಿಗೆ ಬಿಸ್ಮತ್ತಿನ ಸ್ಥಾನಕ್ಕೆ ಬೇರಿಯಂ ಬಂದಿತು. ಹಿಂದಿನ ತಲೆಮಾರಿನ ರೋಗಿಗಳು ಮುಖ ಕಿವಿಚಿಕೊಂಡು ಕುಡಿಯುತ್ತಿದ್ದ ಸೀಮೆಸುಣ್ಣದಂಥ ಬಿಳಿಯ ದ್ರವವು ಇದೇ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು 1932ರಲ್ಲಿ ಹದಿನಾಲ್ಕು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಸಣ್ಣ ಕರುಳಿನ ಕೊನೆಯ ಭಾಗದ ಈ ಉರಿಯೂತವು ಕ್ಷಯವಲ್ಲ, ಬೇರೆಯೇ ಒಂದು ವ್ಯಾಧಿ ಎಂದು ಪ್ರತಿಪಾದಿಸಿದ ಬಳಿಕ ಆ ಕಾಯಿಲೆಗೆ ಕ್ರೋನನ ಹೆಸರು ಅಂಟಿತು. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಕೆನೆಡಿ ಡಾಲ್‌ಜೀಲ್ 1913ರಲ್ಲಿಯೇ ಇದನ್ನು ಬಹಳ ಸ್ಫುಟವಾಗಿ ವರ್ಣಿಸಿದ್ದನಾದರೂ ಕೀರ್ತಿಯು ಅವನ ಬಾಗಿಲಿಗೆ ಬರಲಿಲ್ಲ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇಂಥ ಅನ್ಯಾಯಗಳು ವಿರಳವೇನಲ್ಲ. 1934ರಲ್ಲಿ ಜಾನ್ ಕ್ಯಾಂಟರ್ ಎಂಬ ವೈದ್ಯ, ಕಿರಿದಾದ ಕರುಳಿನೊಳಗೆ ಬೇರಿಯಂ ಒಂದು ದಾರದೆಳೆಯಷ್ಟು ತೆಳುವಾಗಿ ಹರಿಯುವುದನ್ನು ಗುರುತಿಸಿ, ಅದನ್ನು ರೋಗದ ಲಕ್ಷಣವಾಗಿ ಸಾರಿದ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರನಿಗೆ ಈ ಕಾಯಿಲೆಯಿರುವುದು 1956ರ ಬೇಸಗೆಯಲ್ಲಿ ಬಯಲಾದಾಗಲೂ ಸಾಕ್ಷ್ಯ ನುಡಿದುದು ಬೇರಿಯಂ ಚಿತ್ರವೇ. ಕರುಳು ಕಟ್ಟಿಕೊಂಡು ಆ ವರ್ಷದ ಜೂನ್ 9ರಂದು ಅವನಿಗೆ ಶಸ್ತ್ರಚಿಕಿತ್ಸೆಯಾಯಿತು, ನವೆಂಬರಿನಲ್ಲಿ ಅವನು ಚುನಾವಣೆಯನ್ನೂ ಗೆದ್ದ.

ಬೇರಿಯಂ ತೋರಿಸುತ್ತಿದ್ದುದು ಕರುಳಿನ ಒಳಗಿನ ಪೊಳ್ಳಿನ ಆಕಾರವನ್ನು. ಗೋಡೆಯನ್ನಲ್ಲ, ಗೋಡೆಯಾಚೆಯದನ್ನಂತೂ ಅಲ್ಲವೇ ಅಲ್ಲ. ಆ ಕೊರತೆಯನ್ನು ನೀಗಿದುದು 1971ರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡನ ಯಂತ್ರ ಮೊದಲ ರೋಗಿಯನ್ನು ನೋಡಿದಂದಿನಿಂದ ಬೆಳೆದುಬಂದ ಸಿ.ಟಿ. ಸ್ಕ್ಯಾನ್. ಅದಕ್ಕೆ ಬೇಕಾದುದು ಕೆಲವೇ ಕ್ಷಣಗಳು. ಊದಿಕೊಂಡ ಗೋಡೆ, ಆ ಗೋಡೆಗೆ ಹಣಿಗೆಯ ಹಲ್ಲುಗಳಂತೆ ಸಾಲಾಗಿ ಬಂದು ಸೇರುವ ಉಬ್ಬಿದ ರಕ್ತನಾಳಗಳು, ಕರುಳನ್ನು ಸುತ್ತಿ ಹತ್ತುವ ಕೊಬ್ಬು, ಹೊರಗೆ ಕಟ್ಟಿಕೊಂಡ ಕೀವು, ತೂತು ಬಿದ್ದುದರ ಗುರುತಾಗಿ ಹೊಟ್ಟೆಯಲ್ಲಿ ತಪ್ಪಿಸಿಕೊಂಡ ಗಾಳಿ, ಇವೆಲ್ಲ ಒಂದೇ ಉಸಿರಿನಲ್ಲಿ ಸಿಗುತ್ತವೆ. ರಾತ್ರಿ ಎರಡು ಗಂಟೆಗೆ ಜ್ವರ, ಅಸಹನೀಯವಾದ ನೋವು, ಕಲ್ಲಿನಂತೆ ಬಿಗಿದ ಹೊಟ್ಟೆಯೊಡನೆ ಬಂದ ರೋಗಿಗೆ ಸಿ.ಟಿ.ಯನ್ನು ಬಿಟ್ಟು ಬೇರೊಂದನ್ನು ಅರಸುತ್ತ ಕೂರುವುದು ಪಾಂಡಿತ್ಯವಲ್ಲ, ಮೌಢ್ಯ. ಆದರೆ ಇದರ ಬೆಲೆ ವಿಕಿರಣ. ಭೂಮಿಯ ಮೇಲೆ ಸುಮ್ಮನೆ ಬದುಕಿರುವುದಕ್ಕೇ ಮನುಷ್ಯನಿಗೆ ವರ್ಷವೊಂದಕ್ಕೆ ಸರಾಸರಿ 2.4 ಮಿಲಿಸೀವರ್ಟಿನಷ್ಟು ನೈಸರ್ಗಿಕ ವಿಕಿರಣ ತಗಲುತ್ತದೆ. ಹೊಟ್ಟೆಯ ಒಂದು ಸಿ.ಟಿ.ಗೆ ಸುಮಾರು 8ರಿಂದ 10, ಎಂದರೆ ಮೂರು ನಾಲ್ಕು ವರ್ಷಗಳ ಪಾಲು. ಒಂದಕ್ಕೆ ಅಂಜಬೇಕಾಗಿಲ್ಲ, ಅಂಜಬೇಕಾದುದು ಒಟ್ಟು ಮೊತ್ತಕ್ಕೆ. ಐರ್ಲೆಂಡಿನ ಕಾರ್ಕ್ ನಗರದ ವೈದ್ಯರು 409 ಮಂದಿ ಕ್ರೋನ್ಸ್ ರೋಗಿಗಳ ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿ 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನೂರರಲ್ಲಿ ಹದಿನೈದು ಮಂದಿಗೂ ಹೆಚ್ಚು ಜನರ ಮೈಮೇಲೆ 75 ಮಿಲಿಸೀವರ್ಟನ್ನು ಮೀರಿದ ಮೊತ್ತ ಬಿದ್ದಿತ್ತು, ಮತ್ತು ಅದರ ಮುಕ್ಕಾಲು ಪಾಲಿಗೆ ಕಾರಣ ಸಿ.ಟಿ.ಯೇ ಆಗಿತ್ತು. ಯಾವ ವೈದ್ಯನೂ ತಪ್ಪು ಮಾಡಿರಲಿಲ್ಲ. ಪ್ರತಿಯೊಬ್ಬನೂ ತನ್ನೆದುರಿನ ಒಂದು ರಾತ್ರಿಯ ನೋವನ್ನು ಮಾತ್ರ ನೋಡಿದ್ದ.

ತುರ್ತು ಇಲ್ಲದಲ್ಲಿ ಎಂ.ಆರ್.ಐ. ಯಂತ್ರವನ್ನು ಮುಂದಕ್ಕೆ ತಂದುದು ಈ ಲೆಕ್ಕವೇ. ಅದರಲ್ಲಿ ವಿಕಿರಣವಿಲ್ಲ, ಅಯಸ್ಕಾಂತ ಮತ್ತು ರೇಡಿಯೋ ತರಂಗಗಳು ಮಾತ್ರ. ಆದರೆ ಖಾಲಿ ಕರುಳು ಮುದುಡಿಕೊಂಡಿರುತ್ತದಾಗಿ, ಮುದುಡಿದ ಆರೋಗ್ಯವಂತ ಗೋಡೆಯೂ ರೋಗಗ್ರಸ್ತವಾದುದರಂತೆಯೇ ದಪ್ಪವಾಗಿ ಕಾಣುತ್ತದೆ. ಆದ ಕಾರಣ ರೋಗಿಯು ನಾಲ್ಕಾರು ಗಂಟೆ ಉಪವಾಸವಿದ್ದು, ಮುಕ್ಕಾಲು ಗಂಟೆಯ ಅವಧಿಯಲ್ಲಿ ಮ್ಯಾನಿಟಾಲ್ ಅಥವಾ ಅಂಥದೇ ಇನ್ನೊಂದು ದ್ರವವನ್ನು ಒಂದು ಲೀಟರಿಗೂ ಮೇಲ್ಪಟ್ಟು ಕುಡಿಯಬೇಕು. ಕರುಳಿನ ಚಲನೆಯನ್ನು ತಡೆಯಲು ಒಂದು ಚುಚ್ಚುಮದ್ದನ್ನು ಚುಚ್ಚಿಸಿಕೊಳ್ಳಬೇಕು. ಬಳಿಕ ಅರ್ಧ ಗಂಟೆ ಆ ಕಿರಿದಾದ ಸುರಂಗದಲ್ಲಿ, ಸುತ್ತಿಗೆಯೇಟಿನಂಥ ಸದ್ದಿನ ನಡುವೆ, ಹೇಳಿದಾಗಲೆಲ್ಲ ಉಸಿರು ಬಿಗಿಹಿಡಿದು ಅಲುಗದೆ ಮಲಗಬೇಕು. ಆ ದ್ರವ ಮುಂದೆ ಭೇದಿಯಾಗಿ ಹೊರಬೀಳುವುದುಂಟೆಂದು ಮೊದಲೇ ಹೇಳಿ ಕಳುಹಿಸದ ಸ್ಕ್ಯಾನಿಂಗ್ ಸೆಂಟರಿನವರನ್ನು, ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತ ರೋಗಿ ಶಪಿಸಿದರೆ ತಪ್ಪೇನು? ಮೈಯೊಳಗೆ ಪೇಸ್‌ಮೇಕರ್ ಇದ್ದವರಿಗೂ ಇಕ್ಕಟ್ಟಿನ ಜಾಗ ಕಂಡರೆ ಉಸಿರು ಕಟ್ಟುವವರಿಗೂ ಈ ಪರೀಕ್ಷೆ ಸುಲಭವಲ್ಲ. ಚಿತ್ರ ಸ್ಫುಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ಗ್ಯಾಡೊಲಿನಿಯಂ ಎಂಬ ದ್ರವ್ಯವನ್ನು ಮೂತ್ರಪಿಂಡ ಸೋತವರಿಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು, ಗರ್ಭಿಣಿಯರಿಗಂತೂ ಅದನ್ನು ಕೊಡುವ ವಾಡಿಕೆಯಿಲ್ಲ.

ಎಂ.ಆರ್.ಐ.ಗೆ ಸರಿಸಾಟಿಯಿಲ್ಲದ ಎಡೆಯೊಂದುಂಟು. ಗುದದ ಸುತ್ತಲಿನ ಭಗಂದರ. ಕ್ರೋನ್ಸ್ ಕಾಯಿಲೆಯ ಭಗಂದರವನ್ನು ಸಾಮಾನ್ಯ ಮೂಲವ್ಯಾಧಿಯೆಂದು ಬಗೆದು, ನಾಚಿಕೆಯಿಂದ ಯಾರಿಗೂ ಹೇಳದೆ, ಗೋಡೆಯ ಮೇಲಿನ ಜಾಹೀರಾತು ನೋಡಿ ಎಲ್ಲೆಲ್ಲಿಯೋ ಕೊಯ್ಯಿಸಿಕೊಂಡು ಬರುವವರು ನಮ್ಮಲ್ಲಿ ಕಡಮೆಯಿಲ್ಲ. ಕೀವಿನ ಆ ದಾರಿಗಳು ಮಲವನ್ನು ಹಿಡಿದಿಡುವ ಸ್ನಾಯುಗಳ ನಡುವೆ ಹೇಗೆ ಕವಲೊಡೆದಿವೆಯೆಂಬುದನ್ನು ಚಿತ್ರದಲ್ಲಿ ನೋಡದೆ ಕತ್ತಿಯಿಟ್ಟರೆ, ಭಗಂದರ ಹೋಗದಿದ್ದರೂ ಹಿಡಿತ ಹೋಗಬಹುದು. ಇಲ್ಲಿ ಸೊಂಟದ ಎಂ.ಆರ್.ಐ. ಒಂದನ್ನು ಉಳಿಸಿ ಹಣ ಉಳಿಸಿದೆವೆಂದುಕೊಳ್ಳುವುದು ಉಳಿತಾಯವಲ್ಲ.

ಇಷ್ಟೆಲ್ಲ ದೊಡ್ಡ ಯಂತ್ರಗಳ ನಡುವೆ, ಬಸುರಿಯರಿಗೂ ಪಿತ್ತಕೋಶದ ಕಲ್ಲಿಗೂ ಮಾತ್ರವೆಂದು ಜನ ಬಗೆದಿರುವ ಅಲ್ಟ್ರಾಸೌಂಡು ಈಗ ತಲೆಯೆತ್ತಿ ನಿಂತಿರುವುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ. ಆರೋಗ್ಯವಾದ ಕರುಳಿನ ಗೋಡೆ ಮೂರು ಮಿಲಿಮೀಟರನ್ನು ಮೀರುವುದಿಲ್ಲ. ಅದು ಮೀರಿದೆಯೇ, ಗೋಡೆಯಲ್ಲಿ ರಕ್ತದ ಓಟ ಹೆಚ್ಚಿದೆಯೇ ಎಂಬಿಷ್ಟನ್ನು ನುರಿತ ಕೈಯೊಂದು ಹೊಟ್ಟೆಯ ಮೇಲೆ ಜೆಲ್ಲಿ ಸವರಿ ಕೆಲವು ನಿಮಿಷಗಳಲ್ಲಿ ಹೇಳಿಬಿಡಬಲ್ಲುದು. ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ 284 ಮಂದಿಯನ್ನು ಎಂ.ಆರ್.ಐ., ಅಲ್ಟ್ರಾಸೌಂಡು ಎರಡಕ್ಕೂ ಒಳಪಡಿಸಿ ನಡೆಸಿದ 'ಮೆಟ್ರಿಕ್' ಎಂಬ ಅಧ್ಯಯನದ ಫಲ 2018ರಲ್ಲಿ ಪ್ರಕಟವಾಯಿತು. ಸಣ್ಣ ಕರುಳಿನಲ್ಲಿ ಕಾಯಿಲೆಯಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ, ಕಾಯಿಲೆಯಿದ್ದ ನೂರು ಮಂದಿಯಲ್ಲಿ ಎಂ.ಆರ್.ಐ. ಗುರುತಿಸಿದುದು 97 ಮಂದಿಯನ್ನು, ಅಲ್ಟ್ರಾಸೌಂಡು 92 ಮಂದಿಯನ್ನು. ಕಾಯಿಲೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆಯೆಂಬ ಪ್ರಶ್ನೆಗೆ ಮಾತ್ರ ಅಂತರ ಹೆಚ್ಚಾಗಿ, 80 ಮತ್ತು 70 ಎಂದಾಯಿತು. ಎಂ.ಆರ್.ಐ. ಗೆದ್ದಿತೆಂಬುದು ನಿಜವೇ. ಆದರೂ ಮೊದಲ ಬಾರಿಗೆ ನಕ್ಷೆ ಬರೆಯಲು ಎಂ.ಆರ್.ಐ., ಔಷಧ ನಾಟಿತೇ ಎಂದು ಮತ್ತೆ ಮತ್ತೆ ನೋಡಲು ಅಲ್ಟ್ರಾಸೌಂಡು ಎಂದು ಕೆಲಸ ಹಂಚಿಕೊಟ್ಟರೆ ಸೋತವನಿಗೂ ಗೌರವದ ಸ್ಥಾನವುಂಟು. ಮಕ್ಕಳಲ್ಲಿ, ಗರ್ಭಿಣಿಯರಲ್ಲಿ, ಮೈ ತೆಳ್ಳಗಿರುವವರಲ್ಲಿ ಅದರದೇ ಮೊದಲ ಸರದಿ.

ಯೂರೋಪಿನ ಹಲವು ಕಡೆಗಳಲ್ಲಿ ಕರುಳಿನ ವೈದ್ಯನೇ ತನ್ನ ಕೋಣೆಯಲ್ಲಿ, ರೋಗಿಯೊಡನೆ ಮಾತನಾಡುತ್ತಲೇ, ಈ ಪರೀಕ್ಷೆಯನ್ನು ಮಾಡಿ ಮುಗಿಸುತ್ತಾನೆ. ನಮ್ಮಲ್ಲಿ ಅದು ಅಷ್ಟು ಸಲೀಸಲ್ಲ. ಹೆಣ್ಣು ಭ್ರೂಣಗಳ ಹತ್ಯೆಯನ್ನು ತಡೆಯಲೆಂದು 1994ರಲ್ಲಿ ಆದ ಕಾನೂನು ಪ್ರತಿಯೊಂದು ಅಲ್ಟ್ರಾಸೌಂಡು ಯಂತ್ರವನ್ನೂ ನೋಂದಣಿಗೆ ಒಳಪಡಿಸಿ, ಅದನ್ನು ಯಾರು, ಎಲ್ಲಿ ಬಳಸಬಹುದೆಂಬುದಕ್ಕೆ ಕಟ್ಟುನಿಟ್ಟು ಹಾಕಿದೆ. ಭ್ರೂಣಲಿಂಗ ಪತ್ತೆ ಇಲ್ಲಿ ಮಾಡುವುದಿಲ್ಲವೆಂಬ ಕನ್ನಡ ಫಲಕ ತೂಗುಹಾಕಿದ ಕೋಣೆಯಲ್ಲಿ ಕರುಳಿನ ರೋಗಿಯೂ ತನ್ನ ಸರದಿಗೆ ಕಾಯುವುದು ಇದರಿಂದಾಗಿಯೇ. ಕಾನೂನಿನ ಉದ್ದೇಶ ಪವಿತ್ರವಾದುದು, ಅದನ್ನು ಸಡಿಲಿಸಬೇಕೆಂದು ನಾನು ಹೇಳುವುದಿಲ್ಲ. ಅದರ ಚೌಕಟ್ಟಿನೊಳಗೇ ಕರುಳನ್ನು ನೋಡಬಲ್ಲ ಕೈಗಳನ್ನು ನಮ್ಮ ವೈದ್ಯಕೀಯ ಕಾಲೇಜುಗಳು ಹೆಚ್ಚಾಗಿ ತಯಾರು ಮಾಡಬೇಕು.

ಹಳೆಯದೆಂದು ಯಾವುದನ್ನೂ ಮೂಲೆಗೆ ಎಸೆಯುವಂತಿಲ್ಲವೆಂಬುದಕ್ಕೆ ಅಲ್ಸರೇಟಿವ್ ಕೊಲೈಟಿಸಿನ ಉಗ್ರಾವಸ್ಥೆಯೇ ನಿದರ್ಶನ. ದಿನಕ್ಕೆ ಹತ್ತಾರು ಸಲ ರಕ್ತಭೇದಿಯಾಗಿ, ನಾಡಿ ಓಡುತ್ತಿರುವ ರೋಗಿಯ ದೊಡ್ಡ ಕರುಳು ಕೆಲವೊಮ್ಮೆ ಸತ್ತವರ ಕರುಳಿನಂತೆ ನಿಶ್ಚೇಷ್ಟವಾಗಿ ಉಬ್ಬತೊಡಗುತ್ತದೆ. ಅಡ್ಡಕರುಳಿನ ಅಗಲ ಆರು ಸೆಂಟಿಮೀಟರನ್ನು ಮುಟ್ಟಿತೆಂದರೆ ಶಸ್ತ್ರವೈದ್ಯನನ್ನು ಕರೆಯುವ ಹೊತ್ತು. ಆ ಅಗಲವನ್ನು ಅಳೆಯಲು ಬೇಕಾದುದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಿಗುವ, ಹೊಟ್ಟೆಯ ಒಂದು ಸಾದಾ ಎಕ್ಸ್-ರೇ. ಅಂಥ ಹೊತ್ತಿನಲ್ಲಿ ಪೂರ್ತಿ ಕೊಲೊನೊಸ್ಕೋಪಿ ಮಾಡಹೊರಡುವುದು ಅಪಾಯ. ಗುದನಾಳದ ಸನಿಹವನ್ನಷ್ಟೇ ನೋಡಿ ಹಿಂದಿರುಗುವವನೇ ಜಾಣ.

ಕ್ಯಾಪ್ಸೂಲ್ ಎಂಬ ನುಂಗುವ ಕ್ಯಾಮೆರಾವೂ ಉಂಟು. ಇಸ್ರೇಲಿನ ಗೇವ್ರಿಯಲ್ ಇಡ್ಡಾನ್ ಎಂಬ ಇಂಜಿನಿಯರನ ಬುದ್ಧಿಯಲ್ಲಿ ಹುಟ್ಟಿ 2000ದಲ್ಲಿ ಲೋಕಕ್ಕೆ ಪರಿಚಯವಾದ, 26 ಮಿಲಿಮೀಟರ್ ಉದ್ದದ ಈ ಗುಳಿಗೆ ಸಣ್ಣ ಕರುಳಿನುದ್ದಕ್ಕೂ ಉರುಳುತ್ತ ಸಾವಿರಾರು ಚಿತ್ರಗಳನ್ನು ಹೊರಕ್ಕೆ ಕಳುಹಿಸುತ್ತದೆ. ಯಂತ್ರಗಳ ಕಣ್ಣಿಗೆ ಬೀಳದ ಪುಟ್ಟ ವ್ರಣಗಳನ್ನೂ ಬಿಡುವುದಿಲ್ಲ. ಆದರೆ ಕರುಳು ಕಿರಿದಾದಲ್ಲಿ ಅದು ಸಿಕ್ಕಿಕೊಂಡರೆ ಪರೀಕ್ಷೆಗೆ ಬಂದವನು ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗಬೇಕಾದೀತು. ಆದ್ದರಿಂದ ಮೊದಲು ಸ್ಕ್ಯಾನ್ ಮಾಡಿ, ಇಲ್ಲವೆ ತಾನಾಗಿ ಕರಗುವ ಹುಸಿ ಗುಳಿಗೆಯೊಂದನ್ನು ನುಂಗಿಸಿ, ದಾರಿ ತೆರೆದಿದೆಯೆಂದು ಖಚಿತಪಡಿಸಿಕೊಳ್ಳುವುದು ಪದ್ಧತಿ.

ಭಾರತದ ವೈದ್ಯನಿಗೆ ಮಾತ್ರ ಪಾಶ್ಚಾತ್ಯ ಮಾರ್ಗಸೂಚಿಗಳಾವುವೂ ಪೂರ್ತಿ ಬಿಡಿಸಿಕೊಡದ ಸಂಕಟವೊಂದು ಉಳಿದಿದೆ. ಅದು ಕ್ಷಯ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಬಲಗೆಳಹೊಟ್ಟೆಯ ಸಂಧಿಯೇ ಕ್ರೋನ್ಸ್ ಕಾಯಿಲೆಗೂ ಪ್ರಿಯ, ಕರುಳಿನ ಕ್ಷಯಕ್ಕೂ ಪ್ರಿಯ. ಜ್ವರ ಎರಡರಲ್ಲಿಯೂ ಉಂಟು, ತೂಕ ಇಳಿಯುವುದೂ ಉಂಟು, ವ್ರಣವೂ ಉಂಟು. ಕಿತ್ತುತಂದ ಮಾಂಸದ ಚೂರಿನಲ್ಲಿ ಕ್ಷಯಾಣು ಎಷ್ಟೋ ಸಲ ಸಿಕ್ಕುವುದೇ ಇಲ್ಲ, ಎದೆಯ ಎಕ್ಸ್-ರೇ ಸ್ವಚ್ಛವಾಗಿಯೇ ಇರಬಹುದು. 1932ರಲ್ಲಿ ಆ ಮೂವರು ನ್ಯೂಯಾರ್ಕಿನಲ್ಲಿ ಬೇರ್ಪಡಿಸಿದ ಎರಡು ವ್ಯಾಧಿಗಳನ್ನು ಬೆಂಗಳೂರಿನ, ಹುಬ್ಬಳ್ಳಿಯ, ಮಂಗಳೂರಿನ ವೈದ್ಯನು ಪ್ರತಿಯೊಬ್ಬ ರೋಗಿಯಲ್ಲಿಯೂ ಹೊಸದಾಗಿ ಬೇರ್ಪಡಿಸಬೇಕಾಗಿದೆ. ಎಡವಿದರೆ ದಂಡವೂ ಕಠಿಣ: ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡು ಕೊಟ್ಟರೆ ಅಡಗಿದ್ದ ಕ್ಷಯ ಮೈಯೆಲ್ಲ ಹರಡಬಹುದು, ಕ್ಷಯವೆಂದುಕೊಂಡು ತಿಂಗಳುಗಟ್ಟಲೆ ಆ ಗುಳಿಗೆಗಳನ್ನು ನುಂಗಿಸಿದರೆ ಅಷ್ಟರಲ್ಲಿ ಕ್ರೋನ್ಸ್ ಕಾಯಿಲೆ ಕರುಳನ್ನು ಕಿರಿದುಮಾಡಿರಬಹುದು. ಇಂಥಲ್ಲಿ ವಿಕಿರಣದ ಅಳುಕನ್ನು ಬದಿಗಿಟ್ಟು ಸಿ.ಟಿ.ಯನ್ನೇ ಬರೆಯುವ ವೈದ್ಯನಿಗೆ ತಕ್ಕ ಕಾರಣವಿದೆ. ನಡುವೆ ಕೊಳೆತು ಕಪ್ಪಾಗಿ ಕಾಣುವ ದುಗ್ಧಗ್ರಂಥಿಗಳು ಕ್ಷಯದ ಬಲವಾದ ಸಾಕ್ಷಿ. ಹೊಟ್ಟೆಯಲ್ಲಿ ನೀರು ತುಂಬಿರುವುದೂ, ಕರುಳಿನ ಆ ಸಂಧಿ ಮುದುಡಿ ಮೇಲಕ್ಕೆ ಸೆಳೆದುಕೊಂಡಿರುವುದೂ ಅತ್ತಲೇ ಬೆರಳು ತೋರುತ್ತವೆ. ಉದ್ದವಾದ ಭಾಗ ಕೆಟ್ಟಿರುವುದು, ಕೆಟ್ಟ ಭಾಗಗಳ ನಡುವೆ ಒಳ್ಳೆಯ ಭಾಗ ಉಳಿದಿರುವುದು, ಹಣಿಗೆಯಂತೆ ಉಬ್ಬಿದ ರಕ್ತನಾಳಗಳು ಕ್ರೋನ್ಸ್ ಪಕ್ಷದವು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ಅದೇ ಸಿ.ಟಿ. ಚಿತ್ರದಲ್ಲಿ ಹೊಟ್ಟೆಯೊಳಗಿನ ಕೊಬ್ಬನ್ನೂ ಚರ್ಮದಡಿಯ ಕೊಬ್ಬನ್ನೂ ಅಳೆದು ಹೋಲಿಸಿ, ಮೊದಲಿನದರ ಪಾಲು ಕ್ರೋನ್ಸ್ ರೋಗಿಗಳಲ್ಲಿ ಹೆಚ್ಚೆಂದು ತೋರಿಸಿದರು. ಕ್ಷಯದ ಬೀಡಿನಲ್ಲಿ ಕುಳಿತವರಿಗೇ ಹೊಳೆಯಬಹುದಾದ ಯೋಚನೆ ಇದು.

ಯಂತ್ರಗಳಿಗೆ ಇನ್ನೂ ಒಲಿಯದ ಪ್ರಶ್ನೆಯೂ ಒಂದಿದೆ. ಕರುಳು ಕಿರಿದಾಗಿರುವುದು ಊತದಿಂದಲೋ, ಹಳೆಯ ಗಾಯ ಗಂಟುಕಟ್ಟಿದುದರಿಂದಲೋ? ಊತವಾದರೆ ಔಷಧ ಸಾಕು, ಗಂಟಾದರೆ ಕತ್ತಿಯೇ ಬೇಕು. ಬಹುಪಾಲು ರೋಗಿಗಳಲ್ಲಿ ಎರಡೂ ಬೆರೆತಿರುತ್ತವೆ. ಎಷ್ಟು ಪಾಲು ಯಾವುದೆಂದು ನೆಚ್ಚುವಂತೆ ಹೇಳುವ ಸ್ಕ್ಯಾನ್ ಈಗ ಇಲ್ಲ. ಅಲ್ಲಿ ಕರುಳಿನ ವೈದ್ಯ, ರೇಡಿಯಾಲಜಿಸ್ಟ್, ಶಸ್ತ್ರವೈದ್ಯ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಆ ಚಿತ್ರವನ್ನು ಒಟ್ಟಿಗೆ ನೋಡುವುದಕ್ಕಿಂತ ಉತ್ತಮವಾದ ಉಪಾಯ ಕಂಡುಬಂದಿಲ್ಲ. ಎಷ್ಟೋ ಸಲ ಯಾವ ಚಿತ್ರವೂ ಬೇಕಾಗುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪದಾರ್ಥದ ಪ್ರಮಾಣವನ್ನು ನೋಡಿದರೆ ಕರುಳಿನಲ್ಲಿ ಉರಿ ಇದೆಯೇ ಇಲ್ಲವೇ ಎಂಬುದರ ಸುಳಿವು ಸಿಗುತ್ತದೆ. ಅದು ತಗ್ಗಿದ್ದು, ರೋಗಿಯೂ ಸುಖವಾಗಿದ್ದರೆ, ಸ್ಕ್ಯಾನನ್ನು ಮುಂದೂಡುವ ವೈದ್ಯನನ್ನು ಉದಾಸೀನನೆಂದು ಬಗೆಯಬಾರದು.

ಓದುಗರಲ್ಲಿ, ಅದರಲ್ಲಿಯೂ ಮನೆಯಲ್ಲಿ ಇಂಥ ರೋಗಿಯಿರುವವರಲ್ಲಿ, ನನ್ನದೊಂದು ಬಿನ್ನಹವುಂಟು. ವೈದ್ಯರು ಸ್ಕ್ಯಾನ್ ಬರೆದುಕೊಟ್ಟಾಗ, ಇದರ ಉತ್ತರ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆಂದು ವಿನಯದಿಂದಲೇ ಕೇಳಿರಿ. ಗರ್ಭಿಣಿಯಾಗಿರುವ ಸಂಭವವಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ಮೈಯಲ್ಲಿ ಲೋಹವಿದ್ದರೆ, ಕೇಳುವ ಮೊದಲೇ ಹೇಳಿರಿ. ಹಿಂದೆ ಆದ ಸಿ.ಟಿ., ಎಂ.ಆರ್.ಐ.ಗಳ ತಾರೀಖನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಹಳೆಯ ಫಿಲಂಗಳನ್ನೂ ಸಿ.ಡಿ.ಗಳನ್ನೂ ಮನೆ ಗುಡಿಸುವಾಗ ಎಸೆಯಬೇಡಿರಿ, ಮತ್ತು ಊರು ಬದಲಿಸಿ ಬೇರೊಂದು ಆಸ್ಪತ್ರೆಗೆ ಹೋಗುವಾಗ ವರದಿಯ ಕಾಗದವೊಂದನ್ನೇ ಹಿಡಿದು ಹೋಗದೆ ಆ ಸಿ.ಡಿ.ಗಳನ್ನೂ ಒಯ್ಯಿರಿ, ಹಳೆಯ ಚಿತ್ರ ಕೈಯಲ್ಲಿದ್ದರೆ ಹೊಸ ವೈದ್ಯನು ಎಷ್ಟೋ ಸಲ ಇನ್ನೊಂದು ಸಿ.ಟಿ.ಯನ್ನು ಬರೆಯುವುದಿಲ್ಲ.